ಥೆಫ್ಟ್ ಯಾವಾಗ ರಾಬರಿಯಾಗುತ್ತದೆ?

ಪ್ರಶ್ನೆ: ನಮ್ಮ ಬೀದಿಯ ಒಂದು ಮನೆಯವರು ಮದುವೆಗೆಂದು ಪರಊರಿಗೆ ಹೋಗಿದ್ದಾಗ ಯಾರೋ ಬೀಗ ಮುರಿದು ಒಡವೆ ಒಯ್ದರು. ಇಂಗ್ಲಿಷ್ ಪತ್ರಿಕೆಯೊಂದು ಅದನ್ನು ‘ರಾಬರಿ’ ಎಂದು ಬರೆಯಿತು. ಠಾಣೆಯವರು ಕೊಟ್ಟ ಪ್ರತಿಯಲ್ಲಿ ‘ಥೆಫ್ಟ್’ ಎಂದಿದೆ. ಇವು ಒಂದೇ ಅಪರಾಧದ ಎರಡು ಹೆಸರುಗಳೇ, ಅಥವಾ ಅರ್ಥದಲ್ಲಿ ಭೇದವಿದೆಯೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಭೇದವಿದೆ. ನೀವು ಹೇಳಿದ ಘಟನೆಯ ಮಟ್ಟಿಗೆ ಠಾಣೆಯವರು ಬರೆದದ್ದು ಸರಿ, ಪತ್ರಿಕೆ ಬರೆದದ್ದು ತಪ್ಪು. ಯಾರೂ ಇಲ್ಲದ ಮನೆಯಿಂದ ಎಷ್ಟು ಬೆಲೆಯ ಒಡವೆ ಹೋಗಿದ್ದರೂ, ಬಾಗಿಲನ್ನು ಎಷ್ಟು ಒರಟಾಗಿ ಒಡೆದಿದ್ದರೂ ಅದು ರಾಬರಿಯಾಗಲಾರದು. ರಾಬರಿಗೆ ಎದುರಿನಲ್ಲೊಬ್ಬ ಮನುಷ್ಯ ಬೇಕು. ಅವನಿಗೆ ಪೆಟ್ಟು ಬಿದ್ದಿರಬೇಕು, ಅವನನ್ನು ಅಡ್ಡಗಟ್ಟಿರಬೇಕು, ಇಲ್ಲವೇ ಈ ಕ್ಷಣವೇ ಏನಾದರೂ ಮಾಡಿಬಿಡುತ್ತಾರೆ ಎಂಬ ಭಯವನ್ನು ಅವನಲ್ಲಿ ಹುಟ್ಟಿಸಿರಬೇಕು. ಥೆಫ್ಟ್‌ಗೆ ಇದಾವುದೂ ಬೇಡ. ಮನೆಯೊಡೆಯ ಪಕ್ಕದ ಮಂಚದಲ್ಲೇ ಗೊರಕೆ ಹೊಡೆಯುತ್ತಿದ್ದು, ಅವನ ದಿಂಬಿನಡಿಯ ಪರ್ಸ್ ಸದ್ದಿಲ್ಲದೆ ಹೋದರೂ ಅದು ಥೆಫ್ಟ್. ಮೊತ್ತಕ್ಕೂ ಈ ಭೇದಕ್ಕೂ ಸಂಬಂಧವಿಲ್ಲ: ಬ್ಯಾಂಕಿನ ಲಾಕರಿನಿಂದ ರಾತ್ರೋರಾತ್ರಿ ಕೋಟಿ ರೂಪಾಯಿಯ ಚಿನ್ನ ಮಾಯವಾದರೆ ಥೆಫ್ಟ್, ದಾರಿಹೋಕನಿಗೆ ಚಾಕು ತೋರಿಸಿ ಐವತ್ತು ರೂಪಾಯಿ ಕಿತ್ತುಕೊಂಡರೆ ರಾಬರಿ.

ಇಂಗ್ಲಿಷಿನ ಕ್ರಿಯಾಪದಗಳಲ್ಲೇ ಈ ಭೇದ ನೆಲೆಗೊಂಡಿದೆ. ಥೆಫ್ಟ್ ಎಂಬ ನಾಮಪದದೊಂದಿಗೆ ಬಳಕೆಯಾಗುವ ‘ಸ್ಟೀಲ್’ ಕ್ರಿಯಾಪದಕ್ಕೆ ಕರ್ಮವಾಗುವುದು ವಸ್ತು. ಹಣವನ್ನು, ಬೈಕನ್ನು, ಫೋನನ್ನು ‘ಸ್ಟೀಲ್’ ಮಾಡುತ್ತಾರೆ. ‘ರಾಬ್’ ಕ್ರಿಯಾಪದಕ್ಕೆ ಕರ್ಮವಾಗುವುದು ವ್ಯಕ್ತಿ ಅಥವಾ ಸ್ಥಳ. ಪ್ರಯಾಣಿಕನನ್ನು, ಬ್ಯಾಂಕನ್ನು ‘ರಾಬ್’ ಮಾಡುತ್ತಾರೆ, ಅವರಿಂದ ಏನು ಹೋಯಿತು ಎಂಬುದನ್ನು ಬೇಕಿದ್ದರೆ ‘ಆಫ್’ ಸೇರಿಸಿ ಆಮೇಲೆ ಹೇಳುತ್ತಾರೆ. ಆದ್ದರಿಂದ ನಮ್ಮಲ್ಲಿ ಅನೇಕರು ಬರೆಯುವ ‘ಮೈ ಫೋನ್ ವಾಸ್ ರಾಬ್ಡ್’ ಎಂಬ ವಾಕ್ಯ ಸರಿಯಲ್ಲ. ಫೋನಿನ ವಿಷಯವಾದರೆ ‘ಸ್ಟೋಲನ್’ ಎನ್ನಬೇಕು, ಫೋನ್ ಕಳೆದುಕೊಂಡ ನಮ್ಮ ವಿಷಯವಾದರೆ ‘ರಾಬ್ಡ್’ ಎನ್ನಬೇಕು. ಕನ್ನಡದ ‘ಕದಿ’ ಕ್ರಿಯಾಪದವೂ ವಸ್ತುವನ್ನೇ ಕೇಳುತ್ತದೆ, ‘ಸುಲಿ’ ಎಂಬುದು ಮನುಷ್ಯರನ್ನು ಕೇಳುತ್ತದೆ. ‘ದೋಚು’ ಮಾತ್ರ ಎರಡೂ ಕಡೆಗೆ ಸಲ್ಲುತ್ತದೆ, ಮನೆಯನ್ನೂ ದೋಚಬಹುದು, ಮನೆಯಲ್ಲಿದ್ದ ಹಣವನ್ನೂ ದೋಚಬಹುದು. ನಮಗೆ ಗೊಂದಲವಾಗುವುದಕ್ಕೆ ಈ ಒಂದು ಪದವೂ ಕಾರಣವಿದ್ದೀತು.

ಪ್ರವಾಸ ಮುಗಿಸಿ ಬಂದ ಆಂಗ್ಲನೊಬ್ಬ ತನ್ನ ಮನೆ ಬರಿದಾಗಿರುವುದನ್ನು ಕಂಡು ‘ವಿ ಹ್ಯಾವ್ ಬೀನ್ ರಾಬ್ಡ್’ ಎಂದು ಉದ್ಗರಿಸುವುದುಂಟು, ಆಡುಮಾತಿನಲ್ಲಿ ಅದನ್ನು ಯಾರೂ ತಿದ್ದುವುದಿಲ್ಲ. ಪತ್ರಿಕೆಗಳಿಗೆ ಈ ರೂಢಿ ಬಂದದ್ದು ಬಹುಶಃ ಅಲ್ಲಿಂದಲೇ. ಆದರೆ ಅಪರಾಧ ವರದಿಯಲ್ಲಿ ಅದು ಸಲ್ಲದು. ರಾಬರಿ ಎಂದು ಓದಿದವರು ಮನೆಯವರಿಗೆ ಏನಾದರೂ ಆಯಿತೇ ಎಂದು ಗಾಬರಿಯಾಗುತ್ತಾರೆ. ಆ ಗಾಬರಿಗೆ ಕಾರಣವಿಲ್ಲದಿದ್ದಲ್ಲಿ ಆ ಪದವನ್ನು ಬಳಸಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನು ಕಾನೂನಿನ ಅರ್ಥ. ಮೆಕಾಲೆಯ ನೇತೃತ್ವದಲ್ಲಿ 1837ರಲ್ಲಿ ಕರಡಾಗಿ, 1860ರಲ್ಲಿ ಅಂಗೀಕಾರವಾಗಿ, 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ ಕಲಂ 378 ಥೆಫ್ಟ್‌ಗೆ ಕೊಟ್ಟ ವ್ಯಾಖ್ಯೆಯೇ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 303ರಲ್ಲಿ ಹೆಚ್ಚು ಕಡಿಮೆ ಹಾಗೆಯೇ ಮುಂದುವರಿದಿದೆ. ಚರ ವಸ್ತುವೊಂದನ್ನು, ಅದು ಯಾರ ಸ್ವಾಧೀನದಲ್ಲಿದೆಯೋ ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ಒಯ್ಯಲೆಂದು ಕದಲಿಸಿದರೆ ಥೆಫ್ಟ್ ಪೂರ್ಣವಾಯಿತು. ಇಲ್ಲಿ ಒಂದೊಂದು ಮಾತಿಗೂ ತೂಕವಿದೆ. ಕದಲಿಸಿದರೆ ಸಾಕು, ಮನೆಗೆ ಒಯ್ಯಬೇಕಾಗಿಲ್ಲ. ಸಂಹಿತೆಯೇ ಕೊಡುವ ಉದಾಹರಣೆಗಳಲ್ಲಿ ಒಬ್ಬ ಜೇಬಿನಲ್ಲಿ ನಾಯಿಗೆ ಇಷ್ಟವಾದ ತಿನಿಸನ್ನಿಟ್ಟುಕೊಂಡು ಪರರ ನಾಯಿಯನ್ನು ಆಸೆಗೊಳಿಸುತ್ತಾನೆ. ನಾಯಿ ಅವನ ಹಿಂದೆ ಹೆಜ್ಜೆಯಿಡಲು ತೊಡಗಿದೊಡನೆ ಕಳವು ಮುಗಿಯಿತು. ಇನ್ನೊಬ್ಬ ಬೆಲೆಬಾಳುವ ಪೆಟ್ಟಿಗೆ ಹೊತ್ತ ಎತ್ತನ್ನು ತನಗೆ ಬೇಕಾದ ದಿಕ್ಕಿಗೆ ಹೊಡೆಯುತ್ತಾನೆ. ಎತ್ತು ಕದಲಿದೊಡನೆ ಪೆಟ್ಟಿಗೆಯ ಕಳವೂ ಆಯಿತು. ನೆಲಕ್ಕೆ ಅಂಟಿಕೊಂಡಿರುವುದು ಚರವಲ್ಲ, ಕಡಿದ ಕ್ಷಣದಿಂದ ಚರ. ಹಾಗಾಗಿ ತೋಟದಲ್ಲಿ ನಿಂತ ಗಂಧದ ಮರವೂ ಗೊನೆ ಬಿಟ್ಟ ಅಡಿಕೆ ಮರವೂ ತಮ್ಮಷ್ಟಕ್ಕೆ ಕಳವಿಗೆ ಒಳಗಾಗುವ ವಸ್ತುಗಳಲ್ಲ, ಕತ್ತಿಯ ಏಟಿಗೆ ಬೇರ್ಪಟ್ಟ ಮರ ಮತ್ತು ಗೊನೆ ಮಾತ್ರ ಆಗುತ್ತವೆ. ಗಂಧದ ಮರದ ಮಟ್ಟಿಗೆ ಇದರ ಜೊತೆಗೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರತ್ಯೇಕ ಕಲಂಗಳೂ ಅನ್ವಯಿಸುತ್ತವೆ. ನದಿಯ ಮರಳನ್ನು ಪರವಾನಗಿಯಿಲ್ಲದೆ ಎತ್ತಿದರೆ ಗಣಿ ಕಾಯ್ದೆಯ ಅಪರಾಧದ ಜೊತೆಗೆ ಥೆಫ್ಟ್ ಪ್ರಕರಣವನ್ನೂ ಹೂಡಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ವಿದ್ಯುತ್ ಮಾತ್ರ ಈ ವ್ಯಾಖ್ಯೆಗೆ ಸಿಗುವ ಚರ ವಸ್ತುವಲ್ಲ; ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟ್ ಎಳೆಯುವವರನ್ನು ಹಿಡಿಯುವುದು 2003ರ ವಿದ್ಯುತ್ ಕಾಯ್ದೆಯ ಕಲಂ 135.

ಕಾನೂನು ನೋಡುವುದು ವಸ್ತು ಯಾರದೆಂದಲ್ಲ, ಯಾರ ಸ್ವಾಧೀನದಲ್ಲಿತ್ತು ಎಂದು. ಇದರಿಂದಾಗಿ ತನ್ನ ವಸ್ತುವನ್ನು ತಾನೇ ಕದಿಯುವುದೂ ಸಾಧ್ಯ. ರಿಪೇರಿಗೆ ಕೊಟ್ಟ ಕೈಗಡಿಯಾರದ ಕೂಲಿ ಬಾಕಿಯಿದೆ. ಗಡಿಯಾರದವನು ಕೂಲಿ ಬರುವವರೆಗೆ ನ್ಯಾಯವಾಗಿಯೇ ಅದನ್ನು ಇಟ್ಟುಕೊಂಡಿದ್ದಾನೆ. ಒಡೆಯ ಬಂದು ಕೂಲಿ ತಪ್ಪಿಸುವ ಉದ್ದೇಶದಿಂದ ಅದನ್ನು ಹಾರಿಸಿಕೊಂಡು ಹೋದರೆ ಅವನು ಥೆಫ್ಟ್ ಮಾಡಿದ ಎಂದು ಸಂಹಿತೆಯ ಉದಾಹರಣೆಯೇ ಹೇಳುತ್ತದೆ. ಇದಕ್ಕೆ ವಿರುದ್ಧವಾಗಿ, ಹೆದ್ದಾರಿಯಲ್ಲಿ ಯಾರ ಸ್ವಾಧೀನದಲ್ಲೂ ಇಲ್ಲದೆ ಬಿದ್ದಿದ್ದ ಉಂಗುರವನ್ನು ಎತ್ತಿಕೊಂಡವನು ಥೆಫ್ಟ್ ಮಾಡಿದವನಲ್ಲ. ಅದನ್ನು ತನ್ನದಾಗಿಸಿಕೊಂಡರೆ ಅವನ ಮೇಲೆ ಬರಬಹುದಾದ ಆರೋಪ ಬೇರೆ, ಅದು ದುರ್ವಿನಿಯೋಗದ್ದು.

ಶಾಶ್ವತವಾಗಿ ಇಟ್ಟುಕೊಳ್ಳುವ ಉದ್ದೇಶವಿರಬೇಕೇ ಎಂಬಲ್ಲಿ ಭಾರತದ ಕಾನೂನೂ ಇಂಗ್ಲೆಂಡಿನ ಕಾನೂನೂ ಬೇರೆಯಾಗುತ್ತವೆ, ಇಂಗ್ಲಿಷ್ ನಿಘಂಟನ್ನು ಮಾತ್ರ ನಂಬಿದವರು ಎಡವುವುದು ಇಲ್ಲಿ. 1952ರ ಮೇ ತಿಂಗಳಿನಲ್ಲಿ ಜೋಧಪುರದ ವಾಯುಪಡೆ ಅಕಾಡೆಮಿಯ ಇಬ್ಬರು ಕೆಡೆಟ್‌ಗಳು ಅನುಮತಿಯಿಲ್ಲದೆ ಹಾರ್ವರ್ಡ್ ವಿಮಾನವೊಂದನ್ನು ಹಾರಿಸಿಕೊಂಡು ಹೋಗಿ ಪಾಕಿಸ್ತಾನದಲ್ಲಿ ಇಳಿಸಿದರು. ಕೆ. ಎನ್. ಮೆಹ್ರಾ ಪ್ರಕರಣವೆಂದು ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟ್ 1957ರಲ್ಲಿ, ತಾತ್ಕಾಲಿಕವಾಗಿ ಒಯ್ದರೂ ಥೆಫ್ಟ್ ಆಗುತ್ತದೆ ಎಂದು ಹೇಳಿತು. ಕಚೇರಿಯ ಕಡತವೊಂದನ್ನು ಗುಟ್ಟಾಗಿ ಹೊರಗೆ ಸಾಗಿಸಿ ಸ್ವಲ್ಪ ಸಮಯದಲ್ಲೇ ಹಿಂತಿರುಗಿಸಿದ ಪ್ರಕರಣದಲ್ಲಿಯೂ 1963ರಲ್ಲಿ ಅದೇ ತೀರ್ಪು ಬಂತು. ಇಂಗ್ಲೆಂಡಿನ 1968ರ ಥೆಫ್ಟ್ ಕಾಯ್ದೆ ಶಾಶ್ವತವಾಗಿ ವಂಚಿಸುವ ಉದ್ದೇಶವನ್ನು ಕೇಳುತ್ತದೆ, ಅದಕ್ಕೆ ಹಿಂದಿನ ಕಾನೂನೂ ಕೇಳುತ್ತಿತ್ತು. ಅದರ ಫಲ ಕಂಡದ್ದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಿಂದ 1961ರ ಆಗಸ್ಟ್ 21ರಂದು ಕಾಣೆಯಾದ, ಗೋಯಾ ಬರೆದ ವೆಲಿಂಗ್ಟನ್ ಡ್ಯೂಕನ ಭಾವಚಿತ್ರದ ವಿಚಾರಣೆಯಲ್ಲಿ. (ಪ್ಯಾರಿಸ್ಸಿನ ಲೂವ್ರ್‌ನಿಂದ ಮೋನಾ ಲಿಸಾ ಕಳವಾದದ್ದೂ 1911ರ ಆಗಸ್ಟ್ 21ರಂದೇ, ಸರಿಯಾಗಿ ಐವತ್ತು ವರ್ಷ ಮೊದಲು.) ಚಿತ್ರವನ್ನು 1965ರಲ್ಲಿ ಹಿಂತಿರುಗಿಸಿ ತಾನಾಗಿ ಶರಣಾದ ಕೆಂಪ್ಟನ್ ಬಂಟನ್ ಎಂಬ ನಿವೃತ್ತ ಬಸ್ ಚಾಲಕನನ್ನು ಜ್ಯೂರಿ ಚಿತ್ರದ ಕಳವಿನ ಆರೋಪದಿಂದ ಬಿಡುಗಡೆ ಮಾಡಿತು, ಏಕೆಂದರೆ ಅದನ್ನು ಇಟ್ಟುಕೊಳ್ಳುವ ಉದ್ದೇಶವಿತ್ತೆಂದು ಅದಕ್ಕೆ ಮನವರಿಕೆಯಾಗಲಿಲ್ಲ. ಮರಳಿ ಬಾರದ ಚೌಕಟ್ಟಿನ ಕಳವಿಗಾಗಿ ಮಾತ್ರ ಅವನಿಗೆ ಮೂರು ತಿಂಗಳ ಸಜೆಯಾಯಿತು. ಅದೇ ಘಟನೆ ನಮ್ಮಲ್ಲಿ ನಡೆದಿದ್ದರೆ ಚಿತ್ರವನ್ನೂ ಚೌಕಟ್ಟನ್ನೂ ಬೇರ್ಪಡಿಸಿ ನೋಡುವ ಪ್ರಮೇಯವೇ ಬರುತ್ತಿರಲಿಲ್ಲ.

ಈಗ ರಾಬರಿಗೆ ಬರೋಣ. ಅದು ಥೆಫ್ಟ್‌ನಿಂದ ಪೂರ್ತಿ ಬೇರೆಯಾದ ಅಪರಾಧವೆಂದು ತಿಳಿಯುವುದು ಸರಿಯಲ್ಲ. ಪ್ರತಿ ರಾಬರಿಯ ಒಳಗೂ ಒಂದು ಥೆಫ್ಟ್ ಇಲ್ಲವೇ ಒಂದು ಎಕ್ಸ್‌ಟಾರ್ಷನ್, ಅಂದರೆ ಬೆದರಿಸಿ ಕೊಡಿಸಿಕೊಳ್ಳುವುದು, ಇದ್ದೇ ಇರುತ್ತದೆ. ಹಳೆಯ ಸಂಹಿತೆಯ ಕಲಂ 390, ಈಗಿನದರ ಕಲಂ 309 ಹೇಳುವಂತೆ, ಕಳವು ಮಾಡುವುದಕ್ಕಾಗಿ, ಮಾಡುವಾಗ, ಅಥವಾ ಮಾಲನ್ನು ಹೊತ್ತೊಯ್ಯುವಾಗ, ಆ ಉದ್ದೇಶಕ್ಕಾಗಿಯೇ ಯಾರಿಗಾದರೂ ಸಾವು, ನೋವು, ಅಕ್ರಮ ತಡೆ ಉಂಟುಮಾಡಿದರೆ ಅಥವಾ ತಕ್ಷಣವೇ ಅವು ಉಂಟಾಗುವ ಭಯ ಹುಟ್ಟಿಸಿದರೆ, ಹಾಗೆ ಮಾಡಲು ಯತ್ನಿಸಿದರೂ, ಥೆಫ್ಟ್ ಎಂಬುದು ರಾಬರಿಯಾಗುತ್ತದೆ. ‘ಆ ಉದ್ದೇಶಕ್ಕಾಗಿ’ ಎಂಬ ಮಾತಿನ ಮೇಲೆಯೇ ಅನೇಕ ಮೊಕದ್ದಮೆಗಳು ನಿಲ್ಲುತ್ತವೆ, ಬೀಳುತ್ತವೆ. ಹಿತ್ತಿಲಿನಿಂದ ಕೊಬ್ಬರಿ ಚೀಲ ಹೊತ್ತು ಓಡುತ್ತಿರುವವನು ಬೆನ್ನಟ್ಟಿದವರಿಗೆ ಚೀಲ ಸಿಗದಿರಲೆಂದು ಹೊಡೆದರೆ ರಾಬರಿ. ಅವನೇ ಚೀಲವನ್ನು ಬಿಸುಟು, ಬರಿಗೈಯಲ್ಲಿ ಓಡುತ್ತಾ, ತಾನು ಸಿಕ್ಕಿಬೀಳದಿರಲೆಂದು ಕಲ್ಲು ಬೀರಿದರೆ ಅಲ್ಲಿರುವುದು ಒಂದು ಥೆಫ್ಟ್ ಮತ್ತು ಒಂದು ಹಲ್ಲೆ. ಎರಡೂ ಬೆಸೆದು ರಾಬರಿಯಾಗುವುದಿಲ್ಲ. ಕಲ್ಲು ತಗಲಿದವರಿಗೆ ನೋವು ಒಂದೇ, ಆದರೆ ಕಾನೂನು ಕೇಳುವುದು ಆ ಕಲ್ಲು ಮಾಲಿಗಾಗಿ ಬಿತ್ತೇ, ಮೈಗಾಗಿ ಬಿತ್ತೇ ಎಂದು.

‘ತಕ್ಷಣ’ ಎಂಬುದೂ ಅಷ್ಟೇ ಮುಖ್ಯ. ಹೆದ್ದಾರಿಯಲ್ಲಿ ಒಬ್ಬನ ಮಗುವನ್ನು ಕಿತ್ತುಕೊಂಡು, ಹಣದ ಚೀಲ ಕೊಡದಿದ್ದರೆ ಕಮರಿಗೆ ಎಸೆಯುತ್ತೇನೆ ಎಂದು ಹೆದರಿಸಿ ಅದನ್ನು ಪಡೆದರೆ ರಾಬರಿ. ನಿನ್ನ ಮಗು ನಮ್ಮ ತಂಡದವರ ಕೈಯಲ್ಲಿದೆ, ಹತ್ತು ಸಾವಿರ ಕಳುಹಿಸದಿದ್ದರೆ ಕೊಲ್ಲುತ್ತಾರೆ ಎಂದು ಹೇಳಿ ಪಡೆದರೆ ಎಕ್ಸ್‌ಟಾರ್ಷನ್ ಮಾತ್ರ, ಆ ಕ್ಷಣದಲ್ಲೇ ಮಗುವಿನ ಜೀವಕ್ಕೆ ಅಪಾಯವೆಂಬ ಭಯ ಹುಟ್ಟಿಸದಿದ್ದರೆ ಅದು ರಾಬರಿಯಲ್ಲ. ಇವೆರಡೂ ಸಂಹಿತೆಯಲ್ಲೇ ಇರುವ ಉದಾಹರಣೆಗಳು. ಶಿಕ್ಷೆಯ ಪ್ರಮಾಣದಲ್ಲೂ ಅಂತರ ದೊಡ್ಡದು. ಸಾಮಾನ್ಯ ಥೆಫ್ಟ್‌ಗೆ ಮೂರು ವರ್ಷದವರೆಗೆ ಸಜೆಯಿದ್ದರೆ, ರಾಬರಿಗೆ ಹತ್ತು ವರ್ಷದವರೆಗೆ ಕಠಿಣ ಸಜೆಯಿದೆ, ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಹೆದ್ದಾರಿಯಲ್ಲಿ ನಡೆದರೆ ಹದಿನಾಲ್ಕು ವರ್ಷದವರೆಗೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಬಾರಿಗೆ ಅಪರಾಧಿಯೆನಿಸಿದವನು ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆ ಎಂಬುದು ಹೊಸ ಸಂಹಿತೆಯಲ್ಲಿ ಬಂದ ಸೇರ್ಪಡೆ. ರಾಬರಿಗೆ ಅಂಥ ರಿಯಾಯಿತಿಯಿಲ್ಲ.

ಪ್ರಶ್ನೆ: ಬೈಕಿನಲ್ಲಿ ಬಂದು ಹೆಂಗಸರ ಕೊರಳಿನ ಸರ ಎಳೆದೊಯ್ಯುವುದು ಇವೆರಡರಲ್ಲಿ ಯಾವುದು?
— ಓದುಗರೊಬ್ಬರು, ಮೈಸೂರು

ಉತ್ತರ: ಬಹುಕಾಲ ಇದು ಎರಡರ ನಡುವೆ ತೂಗಾಡುತ್ತಿತ್ತು. ಸರ ಒಂದೇ ಎಳೆತಕ್ಕೆ ತುಂಡಾಗಿ ಬಂದು ಹೆಂಗಸಿಗೆ ಏನೂ ಆಗದಿದ್ದರೆ ಥೆಫ್ಟ್; ಕೊರಳು ಗೀರಿದರೆ, ಆಕೆ ನೆಲಕ್ಕೆ ಬಿದ್ದರೆ, ಹಿಡಿದುಕೊಂಡ ಸರವನ್ನು ಬಿಡಿಸಲು ಹೊಡೆದರೆ ರಾಬರಿ. ದೇಹಕ್ಕಾಗುವ ಯಾವ ನೋವೂ ಕಾನೂನಿನ ಕಣ್ಣಿಗೆ ‘ಹರ್ಟ್’ ಆದ್ದರಿಂದ ರಕ್ತ ಬರಲೇಬೇಕೆಂದೇನಿಲ್ಲ. ಮೂಗುತಿಯನ್ನು ಕಿತ್ತು ಮೂಗಿನ ಹೊಳ್ಳೆಯನ್ನು ಹರಿದವನು ರಾಬರಿ ಮಾಡಿದ ಎಂದು 19ನೆಯ ಶತಮಾನದಲ್ಲೇ ತೀರ್ಪಾಗಿತ್ತು. ಈಗ ನ್ಯಾಯ ಸಂಹಿತೆಯ ಕಲಂ 304 ‘ಸ್ನ್ಯಾಚಿಂಗ್’ ಎಂಬ ಅಪರಾಧವನ್ನೇ ಬೇರೆಯಾಗಿ ಹೆಸರಿಸಿದೆ: ಕಳವು ಮಾಡಲೆಂದು ವಸ್ತುವನ್ನು ವ್ಯಕ್ತಿಯಿಂದ ಹಠಾತ್ತನೆ, ಚುರುಕಾಗಿ ಅಥವಾ ಬಲದಿಂದ ಕಸಿದುಕೊಳ್ಳುವುದು. ಇದಕ್ಕೂ ಗರಿಷ್ಠ ಸಜೆ ಮೂರು ವರ್ಷವೇ, ಆದ್ದರಿಂದ ಇದು ಹೊಸ ಹೆಸರು ಪಡೆದ ಥೆಫ್ಟ್ ಎಂದೇ ನನ್ನ ಎಣಿಕೆ. ಸರ ಎಳೆಯುವಾಗ ನೋವಾದ ಸಂಗತಿ ದೂರಿನಲ್ಲಿ ಬಾರದೆ ಹೋದರೆ ರಾಬರಿಯ ಕಲಂ ಸೇರುವುದು ಕಷ್ಟ. ಕೊರಳಿನ ಗಾಯವನ್ನು ವೈದ್ಯರಿಗೆ ತೋರಿಸಿ ಅದರ ಚೀಟಿಯನ್ನು ಇಟ್ಟುಕೊಳ್ಳುವುದು ಅಗತ್ಯ.

ಪ್ರಶ್ನೆ: ಅನುವಾದ ಮಾಡುವಾಗ ರಾಬರಿಗೆ ‘ದರೋಡೆ’ ಎನ್ನಬೇಕೇ, ‘ಸುಲಿಗೆ’ ಎನ್ನಬೇಕೇ? ಹಾಗಾದರೆ ಡಕಾಯಿತಿಗೆ ಏನು?
— ಪತ್ರಿಕೋದ್ಯಮದ ವಿದ್ಯಾರ್ಥಿ, ಧಾರವಾಡ

ಉತ್ತರ: ಕನ್ನಡ ಪತ್ರಿಕೆಗಳಲ್ಲಿ ಬಳಕೆ ಒಂದೇ ತೆರನಾಗಿಲ್ಲ. ಥೆಫ್ಟ್‌ಗೆ ‘ಕಳವು’ ಎಂಬುದರಲ್ಲಿ ತಕರಾರಿಲ್ಲ. ರಾಬರಿಗೆ ಕೆಲವರು ಸುಲಿಗೆ ಎನ್ನುತ್ತಾರೆ, ಕೆಲವರು ದರೋಡೆ ಎನ್ನುತ್ತಾರೆ. ಸುಲಿಗೆ ಎಂಬುದು ಎಕ್ಸ್‌ಟಾರ್ಷನ್‌ಗೂ ಬಳಕೆಯಾಗುತ್ತದೆ, ದರೋಡೆ ಎಂಬುದು ಡಕಾಯಿತಿಗೂ ಬಳಕೆಯಾಗುತ್ತದೆ. ಡಕಾಯಿತಿ ನಮ್ಮ ನೆಲದಿಂದಲೇ ಇಂಗ್ಲಿಷಿಗೆ ಹೋದ ಪದವಾದ್ದರಿಂದ ಅದನ್ನು ಹಾಗೆಯೇ ಉಳಿಸಿಕೊಂಡು, ರಾಬರಿಗೆ ದರೋಡೆ ಎಂದೂ ಎಕ್ಸ್‌ಟಾರ್ಷನ್‌ಗೆ ಸುಲಿಗೆ ಎಂದೂ ಬರೆದರೆ ಮೂರೂ ಬೇರೆಬೇರೆಯಾಗಿ ನಿಲ್ಲುತ್ತವೆ. ಠಾಣೆಯ ಪ್ರಕಟಣೆಯನ್ನು ವರದಿ ಮಾಡುವಾಗ ಮಾತ್ರ ಪದವನ್ನು ನೋಡದೆ ಕಲಂ ಸಂಖ್ಯೆಯನ್ನು ನೋಡುವುದು ಕ್ಷೇಮ: 309 ಆದರೆ ರಾಬರಿ, 310 ಆದರೆ ಡಕಾಯಿತಿ.

ಇವೆರಡರ ನಡುವಿನ ಗೆರೆ ಬರಿಯ ಲೆಕ್ಕದ್ದು. ಐವರು ಅಥವಾ ಹೆಚ್ಚು ಮಂದಿ ಕೂಡಿ ರಾಬರಿ ಮಾಡಿದರೆ, ಮಾಡಲು ಯತ್ನಿಸಿದರೆ, ಅದು ಡಕಾಯಿತಿ. ಬಾಗಿಲಲ್ಲಿ ಕಾವಲು ನಿಂತು ನೆರವಾದವನನ್ನೂ ಐವರಲ್ಲಿ ಎಣಿಸಲಾಗುತ್ತದೆ, ಸಿಕ್ಕಿಬೀಳದೆ ತಲೆಮರೆಸಿಕೊಂಡವರನ್ನೂ ಎಣಿಸಲಾಗುತ್ತದೆ. ಸಾಮಾನ್ಯವಾಗಿ ಅಪರಾಧದ ಬರಿಯ ಸಿದ್ಧತೆಯನ್ನು ದಂಡಿಸದ ಸಂಹಿತೆ ಡಕಾಯಿತಿಯ ಸಿದ್ಧತೆಯನ್ನೂ, ಅದಕ್ಕಾಗಿ ಗುಂಪು ಸೇರುವುದನ್ನೂ ದಂಡಿಸುತ್ತದೆ. ಇಂಗ್ಲೆಂಡಿನ ಕಾನೂನಿನಲ್ಲಿ ಈ ವರ್ಗವೇ ಇಲ್ಲ. 1963ರ ಆಗಸ್ಟ್ 8ರ ನಸುಕಿನಲ್ಲಿ ಗ್ಲಾಸ್ಗೋದಿಂದ ಲಂಡನ್ನಿಗೆ ಬರುತ್ತಿದ್ದ ಅಂಚೆ ರೈಲನ್ನು ಬಕಿಂಗ್‌ಹ್ಯಾಮ್‌ಷೈರ್‌ನಲ್ಲಿ ನಿಲ್ಲಿಸಿ ಸುಮಾರು 26 ಲಕ್ಷ ಪೌಂಡ್ ಒಯ್ದದ್ದು ‘ಗ್ರೇಟ್ ಟ್ರೈನ್ ರಾಬರಿ’ ಎಂದೇ ಹೆಸರಾಯಿತು. ಚಾಲಕ ಜ್ಯಾಕ್ ಮಿಲ್ಸ್‌ನ ತಲೆಗೆ ಬಿದ್ದ ಪೆಟ್ಟು ಅದನ್ನು ಥೆಫ್ಟ್‌ನಿಂದ ಬೇರ್ಪಡಿಸಿತು. ಅಷ್ಟೊಂದು ಮಂದಿ ಸೇರಿ ಮಾಡಿದ ಆ ಕೃತ್ಯ ಅರಸೀಕೆರೆ ಬಳಿ ನಡೆದಿದ್ದರೆ ನಮ್ಮ ಪೊಲೀಸರು ಅದನ್ನು ಡಕಾಯಿತಿ ಎಂದು ದಾಖಲಿಸುತ್ತಿದ್ದರು.

ಪ್ರಶ್ನೆ: ಅಂಗಡಿಗೆ ‘ಬರ್ಗ್ಲರಿ’ ವಿಮೆ ಮಾಡಿಸಿದ್ದೇನೆ. ಥೆಫ್ಟ್ ಆದರೂ ರಾಬರಿ ಆದರೂ ಪರಿಹಾರ ಸಿಗುವುದಲ್ಲವೇ?
— ವ್ಯಾಪಾರಿಯೊಬ್ಬರು, ದಾವಣಗೆರೆ

ಉತ್ತರ: ಹಾಗೆಂದು ನಂಬಿ ಕೂರಬೇಡಿ. ಬರ್ಗ್ಲರಿ ಎಂಬುದು ಮೂರನೆಯ ಪದ, ಅದು ಕಟ್ಟಡದೊಳಗೆ ಅಕ್ರಮವಾಗಿ ನುಗ್ಗುವುದಕ್ಕೆ ಸಂಬಂಧಿಸಿದ್ದು. ನಮ್ಮ ಸಂಹಿತೆಯಲ್ಲಿ ಈ ಪದವೇ ಇಲ್ಲ. ಕನ್ನ ಹಾಕಿ ನುಗ್ಗುವುದು ಕಲಂ 331ರ ಅಡಿಯಲ್ಲೂ, ವಾಸದ ಮನೆಯಿಂದ ಕದಿಯುವುದು ಏಳು ವರ್ಷದವರೆಗೆ ಸಜೆಯಿರುವ ಕಲಂ 305ರ ಅಡಿಯಲ್ಲೂ ಬರುತ್ತವೆ. ತೀರ್ಥಹಳ್ಳಿಯ ಓದುಗರ ಬೀದಿಯಲ್ಲಿ ಆದದ್ದು ಇವೆರಡೂ ಸೇರಿದ್ದು. ವಿಮೆಯಲ್ಲಿ ಮಾತ್ರ ಅಪರಾಧ ಸಂಹಿತೆಯ ವ್ಯಾಖ್ಯೆ ನಡೆಯುವುದಿಲ್ಲ, ಪಾಲಿಸಿಯ ಹಾಳೆಯಲ್ಲಿ ಏನು ಬರೆದಿದೆಯೋ ಅದೇ ನಡೆಯುತ್ತದೆ. ಬಲಪ್ರಯೋಗದಿಂದ ಒಳನುಗ್ಗಿ ಮಾಡಿದ ಕಳವಿಗೆ ಮಾತ್ರ ಪರಿಹಾರ ಎಂದು ಪಾಲಿಸಿಯಲ್ಲಿ ಬರೆದಿದ್ದ ಪ್ರಕರಣವೊಂದರಲ್ಲಿ, ಬಾಗಿಲು ಒಡೆದ ಗುರುತಿಲ್ಲದೆ ಸರಕು ಹೋಗಿದ್ದಕ್ಕೆ ವಿಮಾ ಕಂಪನಿ ಹಣ ಕೊಡಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟ್ 2004ರಲ್ಲಿ ತೀರ್ಪು ಕೊಟ್ಟಿತು. ಅಪರಾಧ ಕಾನೂನಿನ ಪ್ರಕಾರ ಅದು ಥೆಫ್ಟ್ ಎಂಬುದು ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಆದ್ದರಿಂದ ನಿಮ್ಮ ಪಾಲಿಸಿಯಲ್ಲಿ ನೌಕರರು ಮಾಡುವ ಕಳವು, ಹಗಲಲ್ಲಿ ಗಿರಾಕಿಗಳ ವೇಷದಲ್ಲಿ ಬಂದವರು ಮಾಡುವ ಕಳವು, ಗಲ್ಲಾಪೆಟ್ಟಿಗೆಯ ಹಣ, ಬ್ಯಾಂಕಿಗೆ ಒಯ್ಯುವಾಗ ದಾರಿಯಲ್ಲಿ ಆಗುವ ರಾಬರಿ, ಇವು ಒಂದೊಂದೂ ಸೇರಿವೆಯೇ ಎಂದು ಏಜೆಂಟರ ಬಾಯಿಮಾತಿಗೆ ಬಿಡದೆ ಬರಹದಲ್ಲಿ ಕೇಳಿ ಪಡೆಯಿರಿ. ಕಳವಾದ ದಿನ ದೂರು ಬರೆಯುವಾಗ ಥೆಫ್ಟ್, ರಾಬರಿ ಎಂಬ ಹೆಸರುಗಳನ್ನು ನೀವೇ ಹಾಕುವ ಅಗತ್ಯವಿಲ್ಲ. ಬೀಗ, ಬಾಗಿಲು, ಕಿಟಕಿ ಯಾವ ಸ್ಥಿತಿಯಲ್ಲಿದ್ದವು, ಒಳಗೆ ಯಾರಿದ್ದರು, ಅವರನ್ನು ಯಾರಾದರೂ ಮುಟ್ಟಿದರೇ, ಹೆದರಿಸಿದರೇ ಎಂಬುದನ್ನು ನಡೆದ ಕ್ರಮದಲ್ಲಿ ಬರೆಯಿರಿ, ಕಲಂ ಹಾಕುವುದು ಠಾಣೆಯವರ ಕೆಲಸ.